ಬೆಕ್ಡೆಲ್ ಅವರ ದೊಡ್ಡ ಕೃತಿ ‘ಫನ್ ಹೋಮ್’ ಅಲ್ಲ

ಅಮೆರಿಕದ ಕಾರ್ಟೂನ್ ಕಲಾವಿದೆ ಆಲಿಸನ್ ಬೆಕ್ಡೆಲ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ರಾಗ ಎಳೆಯುತ್ತಾರೆ. 1983ರಿಂದ 2008ರವರೆಗೆ ಸ್ತ್ರೀವಾದಿ ಮತ್ತು ಸಲಿಂಗಿಗಳ ಪತ್ರಿಕೆಗಳಲ್ಲಿ ಬಂದ ‘ಡೈಕ್ಸ್ ಟು ವಾಚ್ ಔಟ್ ಫಾರ್’ ಚಿತ್ರಪಟ್ಟಿ (ಕಾಮಿಕ್ ಸ್ಟ್ರಿಪ್) ಕೈ ಪಳಗಿಸಿಕೊಂಡ ಕಾಲದ ಕೆಲಸ, ಚಳವಳಿಯ ಕರಪತ್ರ. 2006ರ ಆತ್ಮಕಥನ ‘ಫನ್ ಹೋಮ್’ ಬಂದ ಮೇಲೆ ಆಕೆ ನಿಜವಾದ ಕಲಾವಿದೆಯಾದರು ಎಂದು. ‘ಟೈಮ್’ ಪತ್ರಿಕೆ ಅದನ್ನು ಆ ವರ್ಷದ ಅತ್ಯುತ್ತಮ ಪುಸ್ತಕ ಎಂದಿತು, ಅದರ ಸಂಗೀತ ನಾಟಕ 2015ರಲ್ಲಿ ಟೋನಿ ಪ್ರಶಸ್ತಿ ಗೆದ್ದಿತು. ಅಲ್ಲಿಗೆ ತೀರ್ಪು ಗಟ್ಟಿಯಾಯಿತು.

ಈ ತೀರ್ಪು ತಪ್ಪು. ಅದು ಒಬ್ಬ ಲೇಖಕಿಗೆ ಮಾತ್ರವಲ್ಲ, ಲೆಸ್ಬಿಯನ್ ಕಾಮಿಕ್ಸ್‌ನ ಒಂದು ಪರಂಪರೆಗೇ ಮಾಡಿದ ಅನ್ಯಾಯ.

ಆ ಪರಂಪರೆ ಹುಟ್ಟಿದ್ದು ಜಗಳದಿಂದ. 1972ರಲ್ಲಿ ‘ವಿಮೆನ್ಸ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಟ್ರೀನಾ ರಾಬಿನ್ಸ್ ಲೆಸ್ಬಿಯನ್ ಹುಡುಗಿಯೊಬ್ಬಳ ಕಥೆ ಬರೆದರು. ಹೊರಗಿನವರು ಬರೆದ ಆ ಕಥೆ ಲೆಸ್ಬಿಯನ್ ಕಲಾವಿದೆ ಮೇರಿ ವಿಂಗ್ಸ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಮರುವರ್ಷವೇ ವಿಂಗ್ಸ್ ‘ಕಮ್ ಔಟ್ ಕಾಮಿಕ್ಸ್’ ತಂದರು. 1976ರಲ್ಲಿ ರಾಬರ್ಟಾ ಗ್ರೆಗರಿಯ ‘ಡೈನಮೈಟ್ ಡ್ಯಾಮ್ಸೆಲ್ಸ್’ ಬಂತು. ಇವರ ಗೆರೆಗಳು ಒರಟು, ನಿಜ. ಆದರೆ ತಮ್ಮ ಬದುಕನ್ನು ತಾವೇ ಬರೆಯುವ ಹಟ ಅಲ್ಲಿಂದಲೇ ಬೆಕ್ಡೆಲ್‌ವರೆಗೆ ಹರಿದು ಬಂತು.

‘ಡೈಕ್ಸ್’ ಪಟ್ಟಿಯ ಒಂದು ಚೌಕವನ್ನು ನಿಧಾನವಾಗಿ ನೋಡಬೇಕು. ಗೆರೆ ಗೆರೆಯ ಅಂಗಿ, ದುಂಡು ಕನ್ನಡಕದ ನಾಯಕಿ ಮೋ ಲೋಕದ ಸಂಕಟವನ್ನೆಲ್ಲ ತಲೆ ಮೇಲೆ ಹೊತ್ತು ವಟಗುಟ್ಟುತ್ತಿರುತ್ತಾಳೆ. ಹಿಂದಿನ ಟಿವಿಯಲ್ಲಿ ಯುದ್ಧದ ಸುದ್ದಿ, ಮೇಜಿನ ಮೇಲಿನ ಪತ್ರಿಕೆಯಲ್ಲಿ ಇನ್ನೊಂದು ತಲೆಬರಹ, ಡಬ್ಬದ ಚೀಟಿಯಲ್ಲೂ ಒಂದು ಚೇಷ್ಟೆ. ಮೋ ದುಡಿಯುವ ಮಹಿಳಾ ಪುಸ್ತಕದಂಗಡಿ ದೊಡ್ಡ ಮಳಿಗೆಗಳ ಪೈಪೋಟಿಯಲ್ಲಿ ಬಾಗಿಲು ಹಾಕುತ್ತದೆ. ಕ್ಲಾರಿಸ್ ಮತ್ತು ಟೋನಿ ಜೋಡಿಯ ಮಗ ರಾಫಿ ಪಟ್ಟಿಯಲ್ಲೇ ಹುಟ್ಟಿ, ಪಟ್ಟಿಯಲ್ಲೇ ಹದಿಹರೆಯಕ್ಕೆ ಬರುತ್ತಾನೆ. ಓದುಗರಿಗೆ ವಯಸ್ಸಾದಂತೆ ಪಾತ್ರಗಳಿಗೂ ಆಯಿತು. ಮಾತು ಜಾಸ್ತಿ, ಚೌಕಗಳು ಕಿಕ್ಕಿರಿದಿವೆ ಎಂಬ ಆಕ್ಷೇಪವಿದೆ. ಆ ಕಿಕ್ಕಿರಿತವೇ ಅದರ ಜೀವ: ಅಡುಗೆಮನೆಯ ಜಗಳ ಮತ್ತು ಸರ್ಕಾರದ ನಿರ್ಧಾರ ಒಂದೇ ಚೌಕದಲ್ಲಿ ಉಸಿರಾಡುವುದು ಹಾಗೆ ಬರೆದಾಗಲೇ.

ಇಂದು ಜಗತ್ತೇ ಬಳಸುವ ‘ಬೆಕ್ಡೆಲ್ ಪರೀಕ್ಷೆ’ ಹುಟ್ಟಿದ್ದೂ 1985ರ ಒಂದು ಪಟ್ಟಿಯಲ್ಲಿ. ಇಬ್ಬರು ಹೆಂಗಸರು ಚಿತ್ರಮಂದಿರಗಳ ಮುಂದೆ ನಡೆಯುತ್ತಿದ್ದಾರೆ, ಗೋಡೆಯ ತುಂಬ ಆಯುಧ ಹಿಡಿದ ಗಂಡಸರ ಪೋಸ್ಟರು. ಚಿತ್ರದಲ್ಲಿ ಇಬ್ಬರಾದರೂ ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಮಾತು ಗಂಡಸಿನ ಬಗ್ಗೆ ಆಗಿರಬಾರದು ಎಂಬುದು ಒಬ್ಬಳ ನಿಯಮ. ಹಾಗಾಗಿ ಆಕೆ ಕೊನೆಯದಾಗಿ ನೋಡಿದ ಚಿತ್ರ ‘ಏಲಿಯನ್’. ಇಬ್ಬರೂ ಪಾಪ್‌ಕಾರ್ನ್ ಮಾಡಿಕೊಳ್ಳಲು ಮನೆಗೆ ಹೋಗುತ್ತಾರೆ. ಈ ಯೋಚನೆ ಗೆಳತಿ ಲಿಜ್ ವಾಲೇಸ್‌ಳದು ಎಂದು ಬೆಕ್ಡೆಲ್ ಪಟ್ಟಿಯಲ್ಲೇ ಆಕೆಯ ಹೆಸರು ಬರೆದಿದ್ದಾರೆ. ಇಷ್ಟು ಸಣ್ಣ ಜಾಗದಲ್ಲಿ ಸಿನಿಮಾ ವಿಮರ್ಶೆಯನ್ನೇ ಅಲುಗಾಡಿಸಿದ್ದು ಕರಪತ್ರವಾದರೆ, ಅಂಥ ಕರಪತ್ರ ಇನ್ನಷ್ಟು ಬೇಕು.

‘ಫನ್ ಹೋಮ್’ ಒಳ್ಳೆಯ ಪುಸ್ತಕ. ಶವಸಂಸ್ಕಾರದ ಮನೆ ನಡೆಸುವ, ಇಂಗ್ಲಿಷ್ ಮೇಷ್ಟ್ರಾದ, ತನ್ನ ಸಲಿಂಗಪ್ರೇಮವನ್ನು ಬಚ್ಚಿಟ್ಟ ತಂದೆ 1980ರಲ್ಲಿ ಟ್ರಕ್ಕಿಗೆ ಸಿಕ್ಕು ಸತ್ತ ಕಥೆ. ಆದರೆ ಅದರ ಮೆರವಣಿಗೆಗೆ ಇನ್ನೊಂದು ಕಾರಣವೂ ಇದೆ. ಅದರಲ್ಲಿ ಜಾಯ್ಸ್ ಇದ್ದಾನೆ, ಪ್ರೂಸ್ತ್ ಇದ್ದಾನೆ, ಪಾಠ ಮಾಡಲು ಅನುಕೂಲ. ಸತ್ತ ತಂದೆಯ ದುಃಖ ಸಾಹಿತ್ಯ, ಮನೆ ಬಾಡಿಗೆ, ಸಭೆ, ಮಗು ಸಾಕುವ ಸರದಿಯ ಜಗಳ ಸಾಹಿತ್ಯವಲ್ಲ ಎಂಬ ಅಭಿರುಚಿ ಅದನ್ನು ಮೇಲಕ್ಕೆತ್ತಿತು.

ಈ ಅಭಿರುಚಿ ಕನ್ನಡಕ್ಕೂ ಹೊಸದಲ್ಲ. ಧಾರಾವಾಹಿ ಎಂದರೆ ಮೂಗು ಮುರಿಯುವ ವಿಮರ್ಶೆ ನಮ್ಮಲ್ಲೂ ಉಂಟು. ರಾಶಿಯವರ ‘ಕೊರವಂಜಿ’ಯಲ್ಲಿ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಆ ನಗೆಪತ್ರಿಕೆಯನ್ನು ಗಂಭೀರ ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲು ಇವತ್ತಿಗೂ ಹಿಂಜರಿಕೆ. ಪತ್ರಿಕೆ ಓದಿ ಬಿಸಾಡುವಂಥದ್ದು, ರಟ್ಟಿನ ಪುಸ್ತಕ ಮಾತ್ರ ಉಳಿಯುವಂಥದ್ದು ಎಂದು ನಂಬಿದವರಿಗೆ, ಕಾಲು ಶತಮಾನ ಬಿಡದೆ ಬರೆಯುವುದಕ್ಕೆ ಬೇಕಾದ ಕಸುವು ಕಾಣುವುದಿಲ್ಲ.

2025ರಲ್ಲಿ ಬೆಕ್ಡೆಲ್ ‘ಸ್ಪೆಂಟ್’ ಪ್ರಕಟಿಸಿದರು. ವರ್ಮಾಂಟಿನಲ್ಲಿ ಮೇಕೆ ಸಾಕುವ ಆಲಿಸನ್ ಎಂಬಾಕೆಯ ಕಥೆಯೊಳಗೆ ‘ಡೈಕ್ಸ್’ನ ಪಾತ್ರಗಳಾದ ಲೋಯಿಸ್, ಜಿಂಜರ್, ಸ್ಪ್ಯಾರೋ, ಸ್ಟುವರ್ಟ್ ಮತ್ತೆ ಬಂದಿದ್ದಾರೆ. ಬರೀ ಕೈ ಪಳಗಿಸಿಕೊಳ್ಳಲು ಸೃಷ್ಟಿಸಿದ ಪಾತ್ರಗಳಾಗಿದ್ದರೆ, ಟೋನಿ ಪ್ರಶಸ್ತಿ, ಮೆಕಾರ್ಥರ್ ಫೆಲೋಶಿಪ್ ಎಲ್ಲ ಬಂದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವರನ್ನು ಹುಡುಕಿಕೊಂಡು ಹೋಗುವ ದರ್ದು ಬೆಕ್ಡೆಲ್‌ಗೆ ಇರಲಿಲ್ಲ.