ಮಸಾಲೆ ಬಂತು, ಬೆಂಕಿ ಬರ್ಲಿಲ್ಲ

ಮನೆಯಲ್ಲೇ ಸ್ಮೋಕ್ಡ್ ಬ್ರಿಸ್ಕೆಟ್ ಮಾಡೋದನ್ನ ಕನ್ನಡದಲ್ಲಿ ಹೇಳಿಕೊಡೋ ಅಡುಗೆ ವಿಡಿಯೋಗಳನ್ನ ಈಚೆಗೆ ಸಾಲಾಗಿ ನೋಡಿದೆ. ಹೆಚ್ಚುಕಮ್ಮಿ ಎಲ್ಲವೂ ಒಂದೇ ಅಚ್ಚು. ಮೊದಲು ಡ್ರೈ ರಬ್, ಅಂದ್ರೆ ಬಾಡಿಗೆ ಸವರೋ ಒಣ ಪುಡಿ: ಉಪ್ಪು, ಬೆಲ್ಲದ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಪುಡಿ, ಜೀರಿಗೆ, ಸಾಲದ್ದಕ್ಕೆ ಗರಂ ಮಸಾಲೆ. ಆಮೇಲೆ ಕುಕ್ಕರ್. ಕೊನೆಗೆ ಬಟ್ಟಲಲ್ಲಿ ಕೆಂಡ ಇಟ್ಟು, ತುಪ್ಪ ಬಿಟ್ಟು, ಮುಚ್ಚಳ ಮುಚ್ಚಿದ್ರೆ ಐದು ನಿಮಿಷಕ್ಕೆ ‘ಸ್ಮೋಕ್ಡ್’. ತಿನ್ನೋಕೆ ಚೆನ್ನಾಗೇ ಇರ್ಬಹುದು. ನನ್ನ ತಕರಾರು ಹೆಸರಿನದು.

ಈ ಅಡುಗೆ ಟೆಕ್ಸಸ್‌ನದು. ಅಲ್ಲಿ ಒಳ್ಳೇ ಹೆಸರಿರೋ ಎಷ್ಟೋ ಕಡೆ ರಬ್ ಅಂದ್ರೆ ಉಪ್ಪು, ಕಾಳುಮೆಣಸು, ಅಷ್ಟೇ. ತೀರ್ಥಹಳ್ಳಿಯ ಅಡಿಕೆ ಮರಕ್ಕೆ ಹಬ್ಬಿದ ಮೆಣಸು ಕೈಗೆ ಸಿಗೋ ಶಿವಮೊಗ್ಗದಲ್ಲಿ ಕೂತು ನಾವು ಬೆಳ್ಳುಳ್ಳಿ ಪುಡಿ ಪ್ಯಾಕೆಟ್ ಹುಡುಕ್ತೀವಿ! ಮಿಕ್ಕಿದ್ದೆಲ್ಲ ಬೆಂಕಿಯ ಕೆಲಸ. 110–120 ಡಿಗ್ರಿ ಸೆಲ್ಸಿಯಸ್ ಶಾಖ, ಓಕ್ ಕಟ್ಟಿಗೆಯ ಹೊಗೆ, ಹತ್ತು ಹನ್ನೆರಡು ಗಂಟೆ. ದನದ ಎದೆಯ ಈ ಭಾಗ ಸದಾ ಮೈಭಾರ ಹೊರೋದ್ರಿಂದ ನಾರುನಾರು. ಅದರೊಳಗಿನ ಕೊಲಾಜೆನ್ ಕರಗಿ ಜಿಲೆಟಿನ್ ಆಗೋಕೆ ಹೊತ್ತು ಬೇಕು. ಒಳಗಿನ ಶಾಖ 95ರ ಹತ್ತಿರ ಬರ್ಬೇಕು, ಆದ್ರೆ 70ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಏರದೆ ನಿಂತುಬಿಡುತ್ತೆ. ಬೆವರು ಆರಿದಾಗ ನಮ್ಮ ಮೈ ತಣ್ಣಗಾಗೋ ಹಾಗೆ, ಬಾಡಿನ ನೀರು ಆವಿಯಾಗ್ತಾ ಅದನ್ನ ತಂಪು ಮಾಡ್ತಿರುತ್ತೆ. ವಿಡಿಯೋಗಳಲ್ಲಿ ಈ ಕಾಯುವಿಕೆಯೇ ಮಾಯ.

ಇಡೀ ಬ್ರಿಸ್ಕೆಟ್ ಐದಾರು ಕೆಜಿ ತೂಗುತ್ತೆ. ನಮ್ಮವರು ತಗೊಳ್ಳೋದು ಆಡಿನ ತೆಳು ಎದೆ, ಹನ್ನೆರಡು ಗಂಟೆ ಇಟ್ರೆ ಚಪ್ಪಲಿ ಅಟ್ಟೆ. ಬೇರೆ ಪ್ರಾಜೆಕ್ಟಿನ ಕೋಡ್ ಎತ್ತಿ ಅಂಟಿಸಿ ವೇರಿಯಬಲ್ ಹೆಸರು ಮಾತ್ರ ಬದಲಾಯಿಸೋದನ್ನ ನಮ್ಮ ಆಫೀಸಲ್ಲೂ ದಿನಾ ನೋಡ್ತೀನಿ. ಆಡೇ ಯಾಕೆ ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ. ರಾಜ್ಯದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ ಕಡಿಯೋಕೆ ಅವಕಾಶ ಇರೋದು 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಪ್ರಮಾಣಪತ್ರ ಇದ್ರೆ. ಅಂಥ ಮುದಿ ಬಾಡಿಗೇ ಅಲ್ವಾ ನಿಧಾನದ ಬೆಂಕಿ ಬೇಕಿರೋದು? ಅದರ ಹದ ಹೇಳೋ ಒಂದು ವಿಡಿಯೋನೂ ನನಗೆ ಸಿಗ್ಲಿಲ್ಲ. ಬ್ರಿಸ್ಕೆಟ್ ಅಂದ್ರೆ ಕೆಫೆ ಮೆನು, ಅದನ್ನೇ ಕನ್ನಡದಲ್ಲಿ ಅಂದ್ರೆ ಪಕ್ಕದ ಟೇಬಲ್ ತಿರುಗಿ ನೋಡುತ್ತೆ. ಇದೇ ಬಾಡನ್ನ ಉಪ್ಪು ಹಚ್ಚಿ ಒಣಗಿಸಿ ಕಾಪಾಡ್ಕೊಂಡು ಬಂದ ದಲಿತ ಕೇರಿಗಳಿಗೆ ಯಾವ ಲೈಕೂ ಬೀಳ್ಲಿಲ್ಲ, ಬಿದ್ದಿದ್ದು ಬೈಗುಳ.

‘ಇದೆಲ್ಲ ನಮ್ಮಜ್ಜಿ ಆಗ್ಲೇ ಮಾಡಿದ್ಲು’ ಅನ್ನೋರನ್ನೂ ನಾನು ಒಪ್ಪಲ್ಲ. ಒಲೆ ಮೇಲಿನ ಅಟ್ಟ ಊರಲ್ಲಿ ನಮ್ಮನೇಲೂ ಇತ್ತು, ಮಳೆಗಾಲಕ್ಕೆ ಅಂತ ಮೀನು ಅಲ್ಲೇ ಒಣಗ್ತಿತ್ತು. ಅದು ಕೆಡದ ಹಾಗೆ ಕಾಯೋ ಹೊಗೆ. ತಿನ್ಬೇಕಂದ್ರೆ ಮತ್ತೆ ಸಾರಿಗೆ ಹಾಕಿ ಬೇಯಿಸ್ಲೇಬೇಕು. ಅದರದ್ದೇ ಬೇರೆ ವಿದ್ಯೆ.

ಬಾಟ್ಲಿ ಹೊಗೆ, ಅದೇ ಲಿಕ್ವಿಡ್ ಸ್ಮೋಕ್, ಕಂಡ್ರೆ ಮೂಗು ಮುರಿಯೋರು ಭದ್ರಾವತಿ ನೆನೆಸ್ಕೊಳ್ಳಿ. ಅಲ್ಲಿನ ಉಕ್ಕಿನ ಕಾರ್ಖಾನೆಯ ಮೊದಲ ಹೆಸರೇ ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಕಾಡಿನ ಕಟ್ಟಿಗೆಯನ್ನ ಗಾಳಿ ಆಡದ ಹಾಗೆ ಕಾಯಿಸಿದ್ರೆ ಇದ್ದಿಲು. ಅದು 1923ರಲ್ಲಿ ಶುರುವಾದ ಕುಲುಮೆಗೆ. ಎದ್ದ ಹೊಗೆ ತಣಿಸಿದ್ರೆ ವುಡ್ ಆಲ್ಕೋಹಾಲ್, ಅಸಿಟೇಟ್, ಟಾರು. ಬಾಟ್ಲಿ ಹೊಗೆಯ ತತ್ವವೂ ಇದೇ, ಟಾರನ್ನ ಸೋಸಿ ತೆಗೀತಾರೆ. ಮೋಸ ಏನೇ ಇರ್ಲಿ, ಅದರಲ್ಲಿ ಮರ ಇದೆ. ತುಪ್ಪದ ಕೆಂಡದಲ್ಲಿ ಅದೂ ಇಲ್ಲ. ಕೆಂಡ ಆಗೋ ಹೊತ್ತಿಗೆ ಕಟ್ಟಿಗೆ ತನ್ನ ಹೊಗೆಯನ್ನ ಆಗ್ಲೇ ಕಳ್ಕೊಂಡಿರುತ್ತೆ, ನಮ್ಮ ಮೂಗಿಗೆ ಬಡಿಯೋದು ಸುಟ್ಟ ತುಪ್ಪ.

ಒಂದು ವಿಡಿಯೋ ಮಾತ್ರ ಇಷ್ಟ ಆಯ್ತು. ಹಿತ್ತಲಲ್ಲಿ ಹಳೇ ಡ್ರಮ್, ಒಣಗಿದ ಮಾವಿನ ಕಟ್ಟಿಗೆ, ಹಂದಿಯ ಭುಜದ ಭಾಗ. ‘ಇದು ಬ್ರಿಸ್ಕೆಟ್ ಅಲ್ಲ ಮಾರಾಯ್ರೆ’ ಅಂತ ಮೊದಲೇ ಹೇಳ್ತಾರೆ. ನಡುರಾತ್ರಿ ಎದ್ದು ಕಟ್ಟಿಗೆ ಒಡ್ಡೋದನ್ನೂ ಕತ್ತರಿಸದೆ ಬಿಟ್ಟಿದ್ದಾರೆ. ನೋಡಿದವರು ಕಡಿಮೆ. ನಾನು ಎರಡು ಸಲ ನೋಡಿದೆ.