ಅನುಕರಣಪದ ಮತ್ತು ನಾನಾರ್ಥಪದ

ಕನ್ನಡ ಕಾವ್ಯವಿಮರ್ಶೆಯಲ್ಲಿ ಎರಡು ಬಗೆಯ ಪದಗಳಿಗೆ ತಕ್ಕ ನ್ಯಾಯ ಸಂದಿಲ್ಲ. ಸದ್ದನ್ನು ಅನುಕರಿಸುವ ಪದವು ಕಿವಿಗೆ ಇಂಪೀಯುವ ಆಭರಣವೆಂದೂ, ಹಲವು ಅರ್ಥಗಳುಳ್ಳ ಪದವು ಶ್ಲೇಷೆಯ ಚಮತ್ಕಾರಕ್ಕೆ ಒದಗುವ ಸಾಮಗ್ರಿಯೆಂದೂ ಎಣಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ವಚನಗಳನ್ನು ಓದುವವರಿಗೆ ಈ ವಾಡಿಕೆ ಸಾಲದು.

ಮೊದಲು ಅನುಕರಣಪದವನ್ನು ಪರಿಶೀಲಿಸೋಣ. 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಅನುಕರಣಗಳನ್ನು ಅವ್ಯಯಗಳೊಳಗೆ ಸೇರಿಸಿದ್ದಾನೆ. 'ಧಗಧಗನೆ', 'ಚಟಚಟನೆ' ಎಂಬ ರೂಪಗಳ ಕೊನೆಯಲ್ಲಿ ಅಡಗಿರುವುದು 'ಎನೆ' ಎಂಬ ಮಾತು. ಉರಿಯು ಧಗಧಗ ಎನ್ನುತ್ತದೆ, ಸೌದೆಯು ಚಟಚಟ ಎನ್ನುತ್ತದೆ. ನುಡಿಯುವುದು ವಸ್ತುವೇ, ಕವಿಯು ಅದನ್ನು ನಮಗೆ ಒಪ್ಪಿಸುವವನು ಮಾತ್ರ. ಆದರೆ 'ಥಳಥಳನೆ' ಹೊಳೆಯುವ ಕಂಚಿನ ಪಾತ್ರೆ ಯಾವ ಸದ್ದನ್ನೂ ಮಾಡದು. ಇಲ್ಲಿ ಕಣ್ಣಿನ ಅನುಭವವೇ ಕಿವಿಯ ಮಾತಾಗಿದೆ. 'ಗಳಗಳ' ಎಂಬ ಪದವು ಹರಿಯುವ ನೀರಿಗೂ, ಸುರಿಯುವ ಕಣ್ಣೀರಿಗೂ, ತಡವರಿಸದೆ ಓದುವ ಬಾಲಕನ ವಾಣಿಗೂ ಸಲ್ಲುತ್ತದೆ. ತಡೆಯಿಲ್ಲದ ಹರಿವೊಂದೇ ಈ ಮೂರನ್ನೂ ಬೆಸೆದ ಸೂತ್ರ. ಅನುಕರಣಪದವೂ ಹೀಗೆ ನಾನಾರ್ಥಪದವಾಗಿ ಬೆಳೆಯುತ್ತದೆ.

ಇನ್ನು ನಾನಾರ್ಥಪದದ ವಿಚಾರ. 'ಬಯಲು' ಎಂದರೆ ಒಕ್ಕಲಿಗನಿಗೆ ಮರೆಯಿಲ್ಲದ ನೆಲ. ಗುಟ್ಟು 'ಬಯಲಾಯಿತು' ಎಂದಾಗ ಅಡಗಿದ್ದುದು ತೋರಿತೆಂದು ಅರ್ಥ. ಶರಣರ ನುಡಿಯಲ್ಲಿ ಅದೇ ಪದವು ಶೂನ್ಯತತ್ತ್ವದ ಹೆಸರು. ಅಲ್ಲಿ 'ಬಯಲಾಗುವುದು' ಎಂದರೆ 'ನಾನು' ಎಂಬುದು ಅಳಿಯುವುದು. ಒಂದೇ ಪದವು ಒಂದೆಡೆ ತೋರುವುದನ್ನು, ಇನ್ನೊಂದೆಡೆ ಅಳಿಯುವುದನ್ನು ಹೇಳುತ್ತಿದೆ. ಇದು ವಿರೋಧವಲ್ಲ. ಎರಡೆಡೆಯಲ್ಲಿಯೂ ಮರೆ ಹರಿಯುತ್ತದೆ. ಹೊಲದ ಬಯಲನ್ನು ಕಂಡರಿಯದವನಿಗೆ ತತ್ತ್ವದ ಬಯಲು ಬರಿಯ ಪಾರಿಭಾಷಿಕ ಶಬ್ದವಾಗಿ ಉಳಿಯುತ್ತದೆ. ಚಂಪೂಕಾವ್ಯದ ಶ್ಲೇಷೆಯಲ್ಲಿ ಎರಡರ್ಥಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಇಲ್ಲಿಯಾದರೋ ಒಂದರೊಳಗಿಂದ ಇನ್ನೊಂದು ಮೂಡುತ್ತದೆ.

ಆದರೆ ಎಲ್ಲ ಪದಗಳಿಗೂ ಈ ನ್ಯಾಯ ಹೊಂದದು. ಕೇಶಿರಾಜನು 'ಲಿಂಗ' ಎಂದಾಗ ಅದು ವಿಭಕ್ತಿ ಹತ್ತುವ ನಾಮಪ್ರಕೃತಿ. ಶರಣನು 'ಲಿಂಗ' ಎಂದಾಗ ಅದು ಆರಾಧ್ಯವಸ್ತು. ಅಕ್ಷರ ಒಂದೇ ಎಂಬ ಕಾರಣದಿಂದ ವ್ಯಾಕರಣಸೂತ್ರದಲ್ಲಿ ಷಟ್‌ಸ್ಥಲವನ್ನು ಹುಡುಕುವುದು ಭಕ್ತಿಯೂ ಅಲ್ಲ, ಪಾಂಡಿತ್ಯವೂ ಅಲ್ಲ.

ವ್ಯಾಖ್ಯಾನಕಾರರ ಎರಡು ದೋಷಗಳು ಇಲ್ಲಿ ವ್ಯಕ್ತವಾಗುತ್ತವೆ. ನಿಘಂಟಿನ ಮೊದಲ ಅರ್ಥದಲ್ಲಿಯೇ ನಿಲ್ಲುವುದು ಒಂದು. ಪ್ರತಿಯೊಂದು ಸಾಮಾನ್ಯ ಪದಕ್ಕೂ ಗೂಢಾರ್ಥವನ್ನು ಹೊರಿಸುವುದು ಇನ್ನೊಂದು. ಎರಡನೆಯದು ಭಕ್ತಿಯ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕಾರಿ. ಅರ್ಥವನ್ನು ನಿರ್ಣಯಿಸುವುದು ನಮ್ಮ ಇಚ್ಛೆಯಲ್ಲ, ಪದವು ನಿಂತಿರುವ ವಾಕ್ಯ. ವಾಚಕನು ಮೊದಲು ಪದದ ಸದ್ದನ್ನು ಕೇಳಲಿ, ಬಳಿಕ ಅದರ ಲೋಕಾರ್ಥವನ್ನು ಅರಿಯಲಿ. ಒಳಗಿನ ಅರ್ಥವೊಂದಿದ್ದರೆ ವಾಕ್ಯವೇ ಅವನನ್ನು ಅಲ್ಲಿಗೆ ಕರೆದೊಯ್ಯುವುದು.