ಪರದೆಗೆ ಬರುವ ಅತಿಥಿಗೆ ಎಷ್ಟು ತೊಗಲು?

ಗೊಂಬೆಯಾಟದ ಹುಚ್ಚಿರುವವರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ಒಂದು ಪ್ರಶ್ನೆಗೆ ಬಂದೇ ಬರುತ್ತದೆ. ತೊಗಲು ಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತನ ಪಕ್ಕ ನಿಲ್ಲಿಸಲು ಯಾರನ್ನು ಕರೆಯೋಣ? ರಾಮ, ರಾವಣ, ಕೀಚಕ, ಭೀಮ ಎಲ್ಲರೂ ಮೇಳದ ಪೆಟ್ಟಿಗೆಯಲ್ಲೇ ಇದ್ದಾರೆ. ನಮಗೆ ಬೇಕಾದವರು ಹೊರಗಿನವರು. ಸಿನಿಮಾದವರು, ರಾಜಕಾರಣದವರು, ನಾಟಕ ಕಂಪನಿಯವರು, ಒಂದು ರಾತ್ರಿಯ ಮಟ್ಟಿಗೆ ಪರದೆಯ ಮೇಲೆ ಬಂದು ಹೋಗುವವರು.

ಈ ಆಟವನ್ನು ನಮಗೆ ಕಲಿಸಿದ್ದು ಮಪೆಟ್ ಶೋ. 1976ರಿಂದ 1981ರವರೆಗೆ 120 ಕಂತು ನಡೆದ ಈ ಗೊಂಬೆ ಮೇಳವನ್ನು ಜಿಮ್ ಹೆನ್ಸನ್ ಕಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ವಾಹಿನಿಗಳು ಬೇಡವೆಂದಾಗ ಬ್ರಿಟನ್ನಿನ ಲ್ಯೂ ಗ್ರೇಡ್ ಬೆನ್ನಿಗೆ ನಿಂತರು, ಚಿತ್ರೀಕರಣ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ನಡೆಯಿತು. ಯಜಮಾನ ಕರ್ಮಿಟ್ ಎಂಬ ಕಪ್ಪೆ, ನಾಯಕಿ ಮಿಸ್ ಪಿಗ್ಗಿ ಎಂಬ ಹಂದಿ. ಪ್ರತಿ ಕಂತಿಗೂ ಒಬ್ಬ ಅತಿಥಿ. ಮೊದಮೊದಲು ದೊಡ್ಡವರು ಹಿಂದೇಟು ಹಾಕಿದರು. ಬ್ಯಾಲೆ ನರ್ತಕ ರುಡಾಲ್ಫ್ ನುರೇಯೆವ್ ಬಂದು ಹಂದಿಯ ವೇಷದೊಂದಿಗೆ ಕುಣಿದು ಹೋದ ಮೇಲೆ ಉಳಿದವರ ಸಂಕೋಚವೂ ಬಿಟ್ಟಿತು. ಡ್ರಮ್ ಬಾರಿಸುವುದರಲ್ಲಿ ಜಗತ್ತಿಗೇ ಹೆಸರಾದ ಬಡ್ಡಿ ರಿಚ್, ಆನಿಮಲ್ ಎಂಬ ಒರಟು ಗೊಂಬೆಯ ಜೊತೆ ಜುಗಲ್‌ಬಂದಿಗೆ ಕೂತರು. ಬಾರಿಸುವುದರಲ್ಲಿ ಗೆದ್ದರು. ಗೆದ್ದ ತಪ್ಪಿಗೆ ಆ ಗೊಂಬೆ ಡ್ರಮ್ಮನ್ನೇ ಎತ್ತಿ ಅವರ ತಲೆಗೆ ತೊಡಿಸಿತು.

ಗೊಂಬೆಯಾಟದ ಅತಿಥಿಯ ಲಕ್ಷಣವೆಲ್ಲ ಆ ಡ್ರಮ್ಮಿನೊಳಗೆ ಸಿಕ್ಕ ತಲೆಯಲ್ಲಿದೆ. ಎಷ್ಟು ಹೆಸರು ಮಾಡಿದ್ದಾನೆ ಎನ್ನುವುದು ಆಮೇಲಿನ ಮಾತು. ಗೊಂಬೆಯ ಕೈಯಲ್ಲಿ ಸೋಲುವುದಕ್ಕೆ ಮನಸ್ಸಿದೆಯೇ, ಅದನ್ನು ಮೊದಲು ಕೇಳಬೇಕು.

ನಮ್ಮ ತೊಗಲು ಗೊಂಬೆಯಾಟದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಇಲ್ಲಿ ಅತಿಥಿ ಬಂದು ಗೊಂಬೆಯ ಪಕ್ಕ ನಿಲ್ಲುವಂತಿಲ್ಲ. ಅವನೇ ಗೊಂಬೆಯಾಗಬೇಕು. ಹದ ಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದ ಚರ್ಮದಲ್ಲಿ ಅವನನ್ನು ಕೊರೆಯಬೇಕು. ಕೊರೆಯುವವನಿಗೆ ಮೂರು ಪ್ರಶ್ನೆ ಎದುರಾಗುತ್ತವೆ. ಒಂದು, ಪಕ್ಕದಿಂದ ನೋಡಿದರೆ ಆಳು ಯಾರೆಂದು ಗುರುತು ಸಿಗುತ್ತದೆಯೇ? ಎರಡು, ಉಳಿ ಇಡುವುದಕ್ಕೆ ಮೈಮೇಲೆ ಏನಾದರೂ ಇದೆಯೇ? ಕಿರೀಟ, ಭುಜಕೀರ್ತಿ, ಸೀರೆಯ ಅಂಚು ಇದ್ದರೆ ಸಣ್ಣ ಸಣ್ಣ ತೂತು ಬಿಡಬಹುದು, ಆ ತೂತಿನಿಂದಲೇ ಗೊಂಬೆ ಮಿನುಗುವುದು. ಪ್ಯಾಂಟು ಶರ್ಟಿನವನು ಪರದೆಯ ಮೇಲೆ ಬರೀ ಬಣ್ಣದ ಮುದ್ದೆ. ಮೂರನೆಯದು ಅಳತೆ. ನಮ್ಮ ತೊಗಲು ಗೊಂಬೆಗಳಲ್ಲಿ ರಾಜರು, ದೇವರು ದೊಡ್ಡವರು. ಆಳುಕಾಳು, ಸಾಮಾನ್ಯರು ಚಿಕ್ಕವರು. ಹಾಗಾದರೆ ಅತಿಥಿಯನ್ನು ಯಾವ ಅಳತೆಗೆ ಕತ್ತರಿಸುವುದು?

ಇದು ಬರೀ ಕಲ್ಪನೆಯ ಮಾತಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನು ತೊಗಲಿಗೆ ತಂದು, ಸ್ವಾತಂತ್ರ್ಯ ಹೋರಾಟವನ್ನೇ ಪರದೆಯ ಮೇಲೆ ಆಡಿಸಿದವರು. ರಂಗಭೂಮಿಯಲ್ಲಿ ಬಣ್ಣ ಹಚ್ಚಿ ಆಮೇಲೆ ಗೊಂಬೆಗೆ ಒಲಿದ ವೀರಣ್ಣ 2023ರಲ್ಲಿ ತೀರಿಕೊಂಡರು. ಗಾಂಧಿಯ ಮೈಮೇಲೆ ಆಭರಣವಿಲ್ಲ, ಉಳಿಗೆ ಕೆಲಸ ಕಡಿಮೆ. ಆದರೆ ಕೋಲು, ಕನ್ನಡಕ, ಬೋಳು ತಲೆ, ಬಾಗಿದ ಬೆನ್ನು ಸಾಕಲ್ಲ. ಕಡೆಯ ಸಾಲಿನ ಹುಡುಗನೂ ಕೂಗಿ ಹೇಳುತ್ತಾನೆ. ತೊಗಲಿಗೆ ಹೇಳಿ ಮಾಡಿಸಿದ ಮೈಕಟ್ಟು ಅದು.

ಈಗ ನಮ್ಮ ಮೇಳವನ್ನು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕಿಗೆ ಕರೆದೊಯ್ಯೋಣ. ಊರಿಗೊಂದು ರಾತ್ರಿ, ರಾತ್ರಿಗೊಬ್ಬ ಅತಿಥಿ.

ಮೊದಲ ರಾತ್ರಿ ಚನ್ನಗಿರಿ. ಇಲ್ಲಿ ಚರ್ಚೆಯೇ ಬೇಡ, ಅತಿಥಿ ಜೆ.ಎಚ್. ಪಟೇಲರು. ಇದೇ ತಾಲ್ಲೂಕಿನ ಕಾರಿಗನೂರಿನವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದ ಸಮಾಜವಾದಿ. 1996ರಿಂದ 1999ರವರೆಗೆ ಮುಖ್ಯಮಂತ್ರಿ. ತಮ್ಮ ದೌರ್ಬಲ್ಯಗಳನ್ನು ಬಚ್ಚಿಡದೆ, ಕೇಳಿದವರು ಕಕ್ಕಾಬಿಕ್ಕಿಯಾಗುವಂತೆ ನಗುತ್ತಲೇ ಒಪ್ಪಿಕೊಳ್ಳುತ್ತಿದ್ದ ಮನುಷ್ಯ. ಕಿಳ್ಳೇಕ್ಯಾತನಿಗೆ ಇಂಥವರು ಸಿಗುವುದು ಅಪರೂಪ. ಸಾಮಾನ್ಯವಾಗಿ ಅವನ ಕೆಲಸ ದೊಡ್ಡವರ ಗುಟ್ಟು ರಟ್ಟು ಮಾಡುವುದು. ಇವರೋ ಗುಟ್ಟೇ ಇಟ್ಟುಕೊಂಡವರಲ್ಲ.

ಪರದೆಯ ಎಡಗಡೆಯಿಂದ ಕಿಳ್ಳೇಕ್ಯಾತ ಬರುತ್ತಾನೆ. ಕಪ್ಪು ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು.

“ಏನ್ ಸಾಹೇಬ್ರೇ, ದಿಲ್ಲಿಗೆ ಹೋಗಿ ಕನ್ನಡ ಮಾತಾಡಿದ್ರಂತಲ್ಲ, ಅಲ್ಲಿದ್ದೋರಿಗೆ ತಿಳೀತಾ? ನಮ್ಮ ಪಾಡು ನೋಡ್ರಿ. ಮನೇಲಿ ಮರಾಠಿ, ಪರದೆ ಮೇಲೆ ಕನ್ನಡ. ನಮ್ಮನ್ನೂ ದಿಲ್ಲಿಗೆ ಕಳ್ಸಿದ್ರೆ ಎರಡರಾಗೂ ಬೈದು ಬರ್ತಿದ್ವಿ.”

ಈ ಗೊಂಬೆ ಆಡಿಸುವ ಕಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಯ ಒಂದು ಬಗೆ ಎಂಬುದು ಗೊತ್ತಿದ್ದವರು ಇಲ್ಲಿ ಎರಡು ಸಲ ನಗುತ್ತಾರೆ. ಅಷ್ಟರಲ್ಲಿ ಕಿಳ್ಳೇಕ್ಯಾತನ ಹೆಂಡತಿ ಬಂಗಾರಕ್ಕ ಸೆರಗು ಸಿಕ್ಕಿಸಿಕೊಂಡು ಬರುತ್ತಾಳೆ. 1997ರಲ್ಲಿ ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತು, ದಾವಣಗೆರೆಯೂ ಅದರಲ್ಲೊಂದು. ಬಂಗಾರಕ್ಕನಿಗೆ ಅಷ್ಟು ಸಾಕು.

“ಅಯ್ಯೋ ನಮ್ಮಪ್ಪಾ, ನಾನು ಒಂದೊಂದು ಹೆರೋಕೂ ಊರೆಲ್ಲ ಕೂಗಾಡ್ದೆ. ನೀವು ಒಂದೇ ಸಲಕ್ಕೆ ಏಳು ಹೆತ್ತ್ರಲ್ಲ, ಸೂಲಗಿತ್ತಿ ಯಾರು?”

ಇದಕ್ಕೆ ಪಟೇಲರ ಉತ್ತರವನ್ನು ನಾನು ಬರೆಯುವುದಿಲ್ಲ. ಅವರ ಬಾಯಿಗೆ ಇನ್ನೊಬ್ಬರು ಮಾತು ಒದಗಿಸಬೇಕಾದ ಪ್ರಸಂಗ ಬಂದಿದ್ದೇ ಇಲ್ಲ. ಆದರೆ ಆ ಏಳು ಜಿಲ್ಲೆಯಲ್ಲಿ ಕೊಪ್ಪಳವಿದೆ, ಉಡುಪಿಯಿದೆ. 2025ರಲ್ಲಿ ಪದ್ಮಶ್ರೀ ಪಡೆದ ತೊಗಲು ಗೊಂಬೆಯಾಟದ ಹಿರಿಯಜ್ಜಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಮೋರನಾಳ ಕೊಪ್ಪಳ ಜಿಲ್ಲೆಯದು. ಕೊಗ್ಗ ದೇವಣ್ಣ ಕಾಮತರ ಮನೆತನ ಯಕ್ಷಗಾನವನ್ನು ಸೂತ್ರದ ಗೊಂಬೆಗಳಲ್ಲಿ ಆಡಿಸುತ್ತ ಬಂದ ಉಪ್ಪಿನಕುದ್ರು ಉಡುಪಿ ಜಿಲ್ಲೆಯದು. ಹೀಗೆ ಗೊಂಬೆಯವರ ಎರಡು ವಿಳಾಸ ಬದಲಿಸಿದ ಮುಖ್ಯಮಂತ್ರಿಗೆ ನಮ್ಮ ಮೇಳದಲ್ಲಿ ಮೊದಲ ತಾಂಬೂಲ ಸಲ್ಲಬೇಕು. ಅಡಿಕೆಗೆ ಚನ್ನಗಿರಿಯಲ್ಲಿ ಬರವೂ ಇಲ್ಲ. ಅಳತೆ? ಮುಖ್ಯಮಂತ್ರಿಯೆಂದು ದಶರಥನಷ್ಟು ದೊಡ್ಡದಾಗಿ ಕತ್ತರಿಸಿದರೆ ಆಟ ಕೆಡುತ್ತದೆ. ಕಿಳ್ಳೇಕ್ಯಾತನ ಭುಜಕ್ಕೆ ಭುಜ ತಾಗುವಷ್ಟಿರಲಿ. ಅದಕ್ಕೆ ಬೇಡವೆನ್ನುವ ಜಾಯಮಾನದವರಲ್ಲ ಅವರು.

ಎರಡನೆಯ ರಾತ್ರಿ ಹೊನ್ನಾಳಿ. ಈ ಸೀಮೆಯಲ್ಲಿ ಅಭಿಮಾನಿ ಬಳಗ, ಬ್ಯಾನರ್, ಜೈಕಾರ ಎಲ್ಲ ಇರುವ ನಿಜವಾದ ತಾರೆಗೆ ನಾಲ್ಕು ಕಾಲು. ದೀಪಾವಳಿ ಕಳೆದ ಮೇಲೆ ನಡೆಯುವ ಹೋರಿ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬಲೂನು ಕಟ್ಟಿಸಿಕೊಂಡು ಓಡುವ ಹೋರಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಉಳಿ ಹಿಡಿದವನಿಗೆ ಇದು ಹಬ್ಬ. ಕೊಬ್ಬರಿ ಸರದ ಒಂದೊಂದು ಬಟ್ಟಲಿಗೂ ಒಂದೊಂದು ತೂತು, ಜೂಲಿನ ಅಂಚಿಗೆ ಸಾಲು ಚುಕ್ಕಿ. ಕಿಳ್ಳೇಕ್ಯಾತ ಕೊಬ್ಬರಿ ಹರಿಯಲು ಹಾರುತ್ತಾನೆ, ಹೋರಿ ಅವನ ಪಂಚೆಯನ್ನು ಕೋಡಿಗೆ ಸಿಕ್ಕಿಸಿಕೊಂಡು ಪರದೆ ದಾಟುತ್ತದೆ. ಆಡಿನ ಚರ್ಮದಲ್ಲಿ ಮಾಡಿದ ಹೋರಿಯಾದರೂ ಗತ್ತಿಗೆ ಕಡಿಮೆಯಿರಬಾರದು. ಇಲ್ಲಿ ಮಾತ್ರ ಅತಿಥಿಯನ್ನು ರಾವಣನಷ್ಟು ದೊಡ್ಡದು ಮಾಡಲಿಕ್ಕೆ ನನ್ನ ಅಡ್ಡಿಯಿಲ್ಲ. ಪಕ್ಕದ ಕಿಳ್ಳೇಕ್ಯಾತ ಸಣ್ಣವನಾದಷ್ಟೂ ಓಟ ರಂಗೇರುತ್ತದೆ.

ಮೂರನೆಯ ರಾತ್ರಿ ನ್ಯಾಮತಿ. ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಇಲ್ಲೇ. ಸಂತರನ್ನು ಕಿಳ್ಳೇಕ್ಯಾತನ ಬಾಯಿಗೆ ಕೊಡುವುದು ಬೇಡ. ಅಲ್ಲಿಗೆ ಬರುವ ಲಂಬಾಣಿ ಹೆಂಗಸರ ಕುಣಿತವನ್ನು ಕರೆಯೋಣ. ಕಾಂಚಳಿಯ ಮೇಲೆ ಕನ್ನಡಿ, ನಾಣ್ಯ, ಕವಡೆ, ಕೈತುಂಬ ಬಳೆ. ಬಟ್ಟೆಯ ಮೇಲಿನ ಕನ್ನಡಿ ಬೆಳಕನ್ನು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ತೊಗಲಿನಲ್ಲಿ ಅದೇ ಕನ್ನಡಿಯನ್ನು ತೂತಾಗಿ ಕೊರೆದರೆ ಹಿಂದಿನ ದೀಪವೇ ಅಲ್ಲಿಂದ ಇಣುಕುತ್ತದೆ. ಅಂಥ ಎಂಟು ಹತ್ತು ಗೊಂಬೆಗಳನ್ನು ಪರದೆಗೆ ಒತ್ತಿ, ಸ್ವಲ್ಪ ಹಿಂದಕ್ಕೆಳೆದು, ಮತ್ತೆ ಒತ್ತಿ ಕುಣಿಸಿದರೆ ಸೀರಿಯಲ್ ಲೈಟು ಬೇಕಾಗುವುದಿಲ್ಲ.

ಅದೇ ರಾತ್ರಿಗೆ ದಾವಣಗೆರೆಯ ಚಿಂದೋಡಿ ಲೀಲಾ ಕೂಡ ಬರಲಿ. ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ‘ಹಳ್ಳಿ ಹುಡುಗಿ’ಯಾಗಿ ಸಾವಿರಾರು ರಾತ್ರಿ ಜನರನ್ನು ಎದುರಿಸಿದವರು, 1988ರ ಪದ್ಮಶ್ರೀ. ಬಂಗಾರಕ್ಕನ ಎದುರು ಮಾತಿಗೆ ಮಾತು ಜೋಡಿಸಿ ಕಡೆಗೆ ಬೇಕೆಂದೇ ಒಂದು ಮಾತು ಬಿಟ್ಟುಕೊಡುವುದು ಕಂಪನಿ ನಾಟಕದವರಿಗೆ ಮಾತ್ರ ಬರುವ ವಿದ್ಯೆ. ಎದುರಿನವರು ಚಪ್ಪಾಳೆ ಗಿಟ್ಟಿಸಿದರೆ ಆ ರಾತ್ರಿಯ ಕಲೆಕ್ಷನ್ನು ಇಬ್ಬರದೂ ಎಂಬುದು ಅವರಿಗೆ ಗೊತ್ತು.

ನಾಲ್ಕನೆಯ ರಾತ್ರಿ ಜಗಳೂರು. ಮಳೆ ಕೈಕೊಟ್ಟ ವರ್ಷ ತೊಗಲು ಗೊಂಬೆ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. ಬರದ ಹೆಸರು ಹೊತ್ತ ಜಗಳೂರಿನಲ್ಲಿ ಮೇಳದವರಿಗೆ ಆ ಲೆಕ್ಕದಲ್ಲಿ ಕೈತುಂಬ ಕೆಲಸ. ಈಗ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದಿದೆ. “ಪೈಪಿನಾಗೇ ನೀರು ಬಂದ್ರೆ ನಮ್ಮನ್ಯಾರ್ರಪ್ಪಾ ಕರೀತಾರೆ?” ಎಂದು ಕಿಳ್ಳೇಕ್ಯಾತ ಕೇಳದೆ ಬಿಡುವುದಿಲ್ಲ.

ಇಲ್ಲಿನ ಅತಿಥಿ ರಂಗಯ್ಯನದುರ್ಗದ ಕೊಂಡುಕುರಿ. ಈ ನಾಲ್ಕು ಕೊಂಬಿನ ಸಣ್ಣ ಜಿಂಕೆಜಾತಿಯ ಪ್ರಾಣಿಗಾಗಿಯೇ 2011ರಲ್ಲಿ ಇಲ್ಲಿ ವನ್ಯಧಾಮ ಘೋಷಣೆಯಾಯಿತು. ಬಹಳ ನಾಚಿಕೆಯ ಪ್ರಾಣಿ. ಕಾಡಿಗೆ ಹೋದವರಿಗೂ ಸುಲಭಕ್ಕೆ ಕಾಣುವುದಿಲ್ಲ. ಕೊರೆಯುವವನಿಗೆ ಒಳ್ಳೆಯ ಪೇಚು ಇದು: ಪಕ್ಕದಿಂದ ನೋಡಿದರೆ ಮುಂದಿನದೊಂದು, ಹಿಂದಿನದೊಂದು, ಎರಡೇ ಕೊಂಬು ಕಾಣುತ್ತವೆ. ನಾಲ್ಕೂ ಕಾಣಬೇಕೆಂದರೆ ಮುಖವನ್ನು ಅರ್ಧ ಎದುರಿಗೆ ತಿರುಗಿಸಿ, ಮುಂದಿನ ಗಿಡ್ಡ ಜೋಡಿ, ಹಿಂದಿನ ಉದ್ದ ಜೋಡಿ ಎರಡನ್ನೂ ಬಿಡಿಸಿಡಬೇಕು. ರಾವಣನ ಹತ್ತು ತಲೆಯನ್ನು ಒಂದೇ ತೊಗಲಿನಲ್ಲಿ ಸಾಲಾಗಿ ಕೂರಿಸಿದ ಕೈಗೆ ನಾಲ್ಕು ಕೊಂಬು ಭಾರವಲ್ಲ. ಕಿಳ್ಳೇಕ್ಯಾತ ಕಾಡೆಲ್ಲ ಹುಡುಕುತ್ತಾನೆ, ಕೊಂಡುಕುರಿ ಅವನ ಬೆನ್ನ ಹಿಂದೆಯೇ ಹಾದುಹೋಗುತ್ತದೆ. ಮಕ್ಕಳು ಕೂಗಿ ಕೂಗಿ ತೋರಿಸಿದರೂ ಅವನಿಗೆ ಕಾಣುವುದಿಲ್ಲ. ಇದಕ್ಕಿಂತ ಸಂಭಾಷಣೆ ಬೇಡ.

ಮಪೆಟ್ ಶೋನ ಬಾಲ್ಕನಿಯಲ್ಲಿ ಸ್ಟಾಟ್ಲರ್, ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು ಕೂತು ಆಟವನ್ನು ಹಳಿಯುತ್ತಲೇ ಇರುತ್ತಾರೆ, ಮುಂದಿನ ವಾರವೂ ತಪ್ಪದೆ ಬರುತ್ತಾರೆ. ನಮ್ಮ ನಾಲ್ಕೂ ರಾತ್ರಿಗೆ ಆ ಜಾಗದಲ್ಲಿ ನಾಟಕಕಾರ ಕೈಲಾಸಂ ಮತ್ತು ಹಾಸ್ಯ ಲೇಖಕ ಬೀಚಿ ಕೂರಲಿ.  ಬೀಚಿ ಜಗಳೂರಿಗೆ ನೆರೆಯ ಹರಪನಹಳ್ಳಿಯವರು, ಆ ತಾಲ್ಲೂಕು 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಸ್ಥಳೀಯ ಕೋಟಾದಲ್ಲೇ ಸೀಟು ಸಿಗುತ್ತದೆ. ಅವರ ತಿಂಮ ಕಿಳ್ಳೇಕ್ಯಾತನಿಗೆ ಹತ್ತಿರದ ನೆಂಟ.

ಕರೆಯದೆ ಬಿಟ್ಟವರ ಮಾತನ್ನೂ ಹೇಳಬೇಕು. ಮಾಸ್ಟರ್ ಹಿರಣ್ಣಯ್ಯನವರನ್ನು ಬಿಟ್ಟಿದ್ದೇನೆ. ‘ಲಂಚಾವತಾರ’ದ ಆ ನಾಲಗೆ ಹೊರಟರೆ ಕಿಳ್ಳೇಕ್ಯಾತ ಮೂಲೆ ಸೇರಬೇಕಾಗುತ್ತದೆ, ಅತಿಥಿ ಮನೆಯವನನ್ನೇ ಹೊರಗೆ ಹಾಕಿದಂತಾಗುತ್ತದೆ. ರಾಜ್‌ಕುಮಾರ್ ಅವರ ವಿಷಯದಲ್ಲಿ ಮನಸ್ಸು ಹೊಯ್ದಾಡಿತು. ಮೂಗಿನ ಗೆರೆ ಒಂದು ಸಾಕು ಗುರುತಿಗೆ, ಕಂಠ ಅವರದೇ ಇದೆ, ‘ಕಸ್ತೂರಿ ನಿವಾಸ’ದಲ್ಲಿ ಗೊಂಬೆಯ ಹಾಡಿಗೆ ಅಭಿನಯಿಸಿದವರು ಬೇರೆ. ಕಿಳ್ಳೇಕ್ಯಾತ ಕಿವಿ ಹಿಂಡಿದರೂ ಅಣ್ಣಾವ್ರು ಕೈಮುಗಿದು ನಕ್ಕಾರು. ಅಭಿಮಾನಿ ದೇವರುಗಳು ನಗಬೇಕಲ್ಲ! ಅವರ ಬದಲು ನರಸಿಂಹರಾಜು ಬರಲಿ, ನಾಲ್ಕು ಊರಿಗೂ ಮೇಳದ ಜೊತೆಯಲ್ಲೇ ತಿರುಗಲಿ. ತಿಪಟೂರಿನ ಈ ಮನುಷ್ಯನ ಹಲ್ಲಿನ ಸಾಲನ್ನು ಉಳಿಯ ಒಂದೇ ಎಳೆತಕ್ಕೆ ಕೊರೆಯಬಹುದು. ಹೊಡೆತ ತಿನ್ನುವುದರಲ್ಲೂ ಓಡಿಹೋಗುವುದರಲ್ಲೂ ಕನ್ನಡಕ್ಕೆ ಅವರಷ್ಟು ಮುದ ಕೊಟ್ಟವರು ಕಡಿಮೆ. ತೊಗಲಿನಲ್ಲಿ ಅವರನ್ನು ಕಿಳ್ಳೇಕ್ಯಾತನಿಗಿಂತ ಒಂದು ಗೇಣು ಗಿಡ್ಡ ಮಾಡಿದರೂ, ಇನ್ನೊಂದು ಗೇಣು ಕಡಿಮೆ ಮಾಡಿ ಎನ್ನುವ ಕಲಾವಿದ ಅವರು.

ಇವತ್ತಿನ ತಾರೆಯರು ಯಾರೂ ಪಟ್ಟಿಯಲ್ಲಿಲ್ಲವೆಂದು ಎಳೆಯ ಓದುಗರು ಮುನಿಸಿಕೊಳ್ಳಬಹುದು. ಬಾಗಿಲು ಮುಚ್ಚಿಲ್ಲ, ಪರೀಕ್ಷೆಯೂ ಸುಲಭ. ಆಹ್ವಾನ ಹೋದಾಗ ಅವರ ಕಡೆಯಿಂದ ಬರುವ ಮೊದಲ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಿ. “ಬಂಗಾರಕ್ಕ ನನಗೆ ಏನಂತ ಬೈತಾಳೆ?” ಎಂದರೆ ಕೂಡಲೇ ಚರ್ಮ ನೆನೆ ಹಾಕಿ. “ನಮ್ಮ ಹೀರೋ ಗೊಂಬೆ ಎಷ್ಟು ಅಡಿ?” ಎಂದು ಮ್ಯಾನೇಜರ್ ಕೇಳಿದರೆ, ತೊಗಲು ಮುಗಿದಿದೆ ಎಂದು ಹೇಳಿ ಫೋನಿಡಿ.